ಅವ್ವನ ಒಡಪು ಮತ್ತು ಅಟ್ಟದ ಮೇಲಿನ ಕ್ಯಾಸೆಟ್ಟುಗಳು

ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಮನೆಯಲ್ಲಿ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ 11 ವಿಡಿಯೋ ಕ್ಯಾಸೆಟ್. "ಅಪ್ಪಾ, ಇವನ್ನು ಗುಜರಿಗೆ ಹಾಕಲೇ?" ಎಂದು ಮಗ ಕೇಳಿದ. ತಪ್ಪು ಅವನದಲ್ಲ. ಅವನ್ನು ಹಾಕಿ ನೋಡುವ ಯಂತ್ರವೇ ಮನೆಯಲ್ಲಿಲ್ಲ.

ಅವುಗಳಲ್ಲಿ ಒಂದು, 1991ರಲ್ಲಿ ಬೀದರಿನಲ್ಲಿ ನಡೆದ ನನ್ನ ಮದುವೆಯದು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳಿಸುವುದು ನಮ್ಮ ಕಡೆಯ ಪದ್ಧತಿ. ಸೊಸೆ ನಾಚಿಕೊಂಡಾಗ ನಮ್ಮವ್ವ ತಾನೇ ಮುಂದೆ ಬಂದು, ಅಪ್ಪನ ಹೆಸರು ಸೇರಿಸಿ ಉದ್ದನೆಯ ಒಡಪು ಹೇಳಿದ್ದಳು. ಕ್ಯಾಸೆಟ್ಟಿನಲ್ಲಿ ಅವ್ವನ ತುಟಿ ಅಲುಗಾಡುತ್ತದೆ, ಸುತ್ತಲಿನ ಹೆಂಗಸರು ನಗುತ್ತಾರೆ, ಆದರೆ ಕೇಳಿಸುವುದು ಒಂದು ಹಿಂದಿ ಸಿನಿಮಾ ಹಾಡು! ಆಗಿನ ಕಾಲದ ಮಿಕ್ಸಿಂಗ್ ಹಾಗೆಯೇ ಇತ್ತು. ಹೃದಯದ ಆಕಾರದೊಳಗೆ ವಧೂವರರು, ಮೇಲೆ ಹೂಮಳೆ, ಹಿನ್ನೆಲೆಗೆ ಹಾಡು. ಮೂಲ ಕ್ಯಾಸೆಟ್ ಕೊಡಿ ಎಂದು ಅಂದೇ ಅಂಗಡಿಯವರನ್ನು ಕೇಳಿದ್ದೆ. "ಅದರ ಮೇಲೆ ಮುಂದಿನ ಮದುವೆ ತೆಗೆದಾಯಿತು ಸಾರ್" ಎಂದಿದ್ದರು.

ಅಂಗಡಿಯವರನ್ನು ದೂರಿ ಫಲವಿಲ್ಲ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ 1969ರ ಅಪೊಲೊ 11 ಯಾತ್ರೆಯ ಮೂಲ ಟೇಪುಗಳನ್ನೇ ಅಳಿಸಿ ಮರುಬಳಕೆ ಮಾಡಲಾಗಿತ್ತೆಂದು ಅಮೆರಿಕದ ನಾಸಾ ಸಂಸ್ಥೆ 2009ರಲ್ಲಿ ಒಪ್ಪಿಕೊಂಡಿತು. ಅಷ್ಟು ದೊಡ್ಡವರಿಗೇ ಹೀಗಾದಾಗ ನಮ್ಮ ಮದುವೆಯ ಪಾಡೇನು?

ಆದರೆ ಉಳಿದಿರುವುದನ್ನೂ ಕಳೆದುಕೊಂಡರೆ ಅದು ನಮ್ಮದೇ ತಪ್ಪಾಗುತ್ತದೆ. ವಿಎಚ್‌ಎಸ್ ಬಂದದ್ದು 1976ರಲ್ಲಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಎನಿಸಿದ್ದ ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವುದೆಲ್ಲ ಹಳೆಯ ಯಂತ್ರಗಳೇ. ಅವುಗಳ ಹೆಡ್ ಸವೆದರೆ ಬಿಡಿಭಾಗ ಸಿಗುವುದು ಕಷ್ಟ, ರಿಪೇರಿ ಬಲ್ಲವರಿಗೂ ವಯಸ್ಸಾಗುತ್ತಿದೆ. ಟೇಪಿನ ಮೇಲಿನ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಮೆತ್ತಗಾಗುತ್ತದೆ, ಬಿಳಿ ಬೂಷ್ಟು ಹಿಡಿಯುತ್ತದೆ. ಇದರ ಮೇಲೆ ನಮ್ಮ ಊರಿನ ಮಳೆ ಬೇರೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಎಷ್ಟೋ ಬಡಾವಣೆಗಳಲ್ಲಿ ನೀರು ಮನೆಯೊಳಗೆ ನುಗ್ಗಿದ್ದನ್ನು ಯಾರೂ ಮರೆತಿರಲಾರರು. ಮಂಚದ ಕೆಳಗಿನ ಪೆಟ್ಟಿಗೆಗಳಲ್ಲಿದ್ದುದು ಅಂದು ಏನಾಗಿರಬೇಕು?

ಇನ್ನು ನನ್ನ ಅನುಭವದಿಂದ ಎರಡು ಮಾತು. ಕೋಠಿಯ ಗುಜರಾತಿ ಗಲ್ಲಿಯಿಂದ ಸಿಕಂದರಾಬಾದಿನವರೆಗೆ ಅಲೆದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಯಂತ್ರಕ್ಕೆ ಹಾಕಲು ಹೊರಟ ಒಬ್ಬರಿಂದ ಅದನ್ನು ವಾಪಸು ಕಸಿದುಕೊಂಡು ಬಂದೆ. ಹಾಗೆ ಹಾಕಿದರೆ ಟೇಪೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ, ನಂತರ ಬರುವವರ ಕ್ಯಾಸೆಟ್ಟಿಗೂ ಅಂಟುತ್ತದೆ. ಮೊದಲು ಬಿಚ್ಚಿ ಸ್ವಚ್ಛ ಮಾಡುವವರನ್ನೇ ಹುಡುಕಬೇಕು. 3 ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು 3 ಗಂಟೆಯೇ ಬೇಕು. ಹತ್ತು ನಿಮಿಷದಲ್ಲಿ ಮಾಡಿಕೊಡುತ್ತೇನೆ ಎಂದವರನ್ನು ನಂಬಬೇಡಿ. ಬಣ್ಣ ಸೇರಿಸುತ್ತೇವೆ, ಹಾಡು ಹಾಕುತ್ತೇವೆ ಎಂದರೆ ಕೈಮುಗಿದು ಬೇಡವೆನ್ನಿ. ಇದ್ದದ್ದು ಇದ್ದ ಹಾಗೇ ಬರಲಿ, ಮಕ್ಕಳ ಅಳು, ಪಾತ್ರೆಯ ಸದ್ದು, ಬೀಗರ ಜಗಳ ಎಲ್ಲವೂ. ಡಿವಿಡಿ ಒಂದನ್ನೇ ನೆಚ್ಚಬೇಡಿ, ಅದೂ ಕೆಡುತ್ತದೆ. ಎರಡು ಹಾರ್ಡ್ ಡಿಸ್ಕಿನಲ್ಲಿಡಿ, ಒಂದು ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಮೂಲ ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ.

ನನಗೆ ಅದೃಷ್ಟ ಸಿಕ್ಕಿದ್ದು ಚಿಕ್ಕ ಕ್ಯಾಸೆಟ್ಟೊಂದರಲ್ಲಿ. 1996ರಲ್ಲಿ ಮಗನ ನಾಮಕರಣಕ್ಕೆ ಅಮೆರಿಕದಿಂದ ಬಂದಿದ್ದ ಕಾಕಾ ತಮ್ಮ ಹ್ಯಾಂಡಿಕ್ಯಾಮಿನಲ್ಲಿ ತೆಗೆದದ್ದು. ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿ ಬೇರೆ, ನಮ್ಮ ಪಾಲ್ ಬೇರೆ. ಮೊದಲ ಅಂಗಡಿಯಲ್ಲಿ ಚಿತ್ರ ಉರುಳಾಡಿತು. ಎರಡೂ ಪದ್ಧತಿ ನಡೆಸುವ ಯಂತ್ರ ಸಿಗಲು ಒಂದು ತಿಂಗಳಾಯಿತು. ಚಿತ್ರ ಅಲುಗಾಡುತ್ತದೆ, ಅರ್ಧ ಹೊತ್ತು ಬರೀ ಛಾವಣಿ. ಆದರೆ ಅದರಲ್ಲಿ 4 ನಿಮಿಷ ಅವ್ವ ಮಾತಾಡುತ್ತಾಳೆ, ಕೊನೆಗೆ ಅದೇ ಒಡಪು!

ಆ ಮಾತು ಪುಸ್ತಕದ ಕನ್ನಡವಲ್ಲ. ಬೀದರಿನ ಕನ್ನಡದೊಳಗೆ ದಖನಿ, ಮರಾಠಿ, ತೆಲುಗು ಹಾಸುಹೊಕ್ಕಾದ ಮಾತು. 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿ ಹೈದರಾಬಾದೇ ಆಗಿತ್ತು. ಓದಿಗೂ ನೌಕರಿಗೂ ಇಲ್ಲಿಗೆ ಬಂದು ನೆಲೆಸಿದ ನಮ್ಮ ಹಿರಿಯರು ಆಡಿದ ಕನ್ನಡ ಯಾವ ಪಠ್ಯದಲ್ಲೂ ಸಿಗದು. ಕ್ಯಾಸೆಟ್ಟಿನಲ್ಲಿದೆ, ಇಲ್ಲದಿದ್ದರೆ ಇಲ್ಲ.

ಆದ್ದರಿಂದ ನಮ್ಮ ಸಂಘಗಳವರಲ್ಲಿ ಒಂದು ವಿನಂತಿ. ರಾಜ್ಯೋತ್ಸವಕ್ಕೆ ಶಾಲು, ಹಾರ, ಸ್ಮರಣಿಕೆಗೆ ಮಾಡುವ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಕೊಡಿ. ಕಾಚಿಗುಡದಲ್ಲೋ ಬೇರೆಡೆಯೋ ಎರಡು ಭಾನುವಾರ ಒಂದು ಶಿಬಿರ ನಡೆಸಿ. ಒಳ್ಳೆಯ ಯಂತ್ರ, ಅದನ್ನು ಬಲ್ಲ ಒಬ್ಬರು, ಕ್ಯಾಸೆಟ್ ತರುವ ಸದಸ್ಯರು. ಜೊತೆಗೆ ಹಿರಿಯರನ್ನು ಕೂರಿಸಿ, ತೆರೆಯ ಮೇಲಿರುವವರ ಹೆಸರು ಹೇಳಿಸಿ ಬರೆದಿಟ್ಟುಕೊಳ್ಳಿ. ಹೆಸರಿಲ್ಲದ ಮುಖ ಮುಂದಿನ ತಲೆಮಾರಿಗೆ ಅಪರಿಚಿತರ ಮುಖವೇ. ಸಂಘದ ಹಳೆಯ ನಾಟಕ, ಉತ್ಸವಗಳ ಕ್ಯಾಸೆಟ್ಟುಗಳಿದ್ದರೆ ಅವಕ್ಕೇ ಮೊದಲ ಸರದಿ ಇರಲಿ. ಒಬ್ಬರ ಮನೆಯ ದೃಶ್ಯವನ್ನು ಅವರನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಹಾಕಬಾರದು ಎಂಬ ನಿಯಮವೂ ಬೇಕು. ಇದು ನನ್ನ ಮಡದಿಯ ಕಟ್ಟಪ್ಪಣೆ, ಕಾರಣ ಕೇಳಬೇಡಿ.

"ಇದನ್ನೆಲ್ಲ ಯಾರು ನೋಡುತ್ತಾರೆ?" ಎಂದು ಗೆಳೆಯರೊಬ್ಬರು ನಕ್ಕರು. ಗಚ್ಚಿಬೌಲಿಯಲ್ಲಿ ನೌಕರಿ ಮಾಡುವ ನನ್ನ ಮಗಳಿಗೆ ಕನ್ನಡ ಓದಲು ಬಾರದು. ಅವಳು ಆ 4 ನಿಮಿಷವನ್ನು ಮತ್ತೆ ಮತ್ತೆ ಕೇಳಿ, ಅಜ್ಜಿಯ ಒಡಪನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡಿದ್ದಾಳೆ. ಅದರಲ್ಲಿನ ಎರಡು ಮಾತಿನ ಅರ್ಥ ನನಗೂ ತಿಳಿಯಲಿಲ್ಲ. ಬೀದರಿನಲ್ಲಿ ಸೋದರತ್ತೆ ಇದ್ದಾರೆ, 86 ವರ್ಷ. ಮುಂದಿನ ವಾರ ಹೋಗಿ ಕೇಳಿ ಬರಬೇಕು.