ಹದಿನಾಲ್ಕು ದಿನದ ಲೆಕ್ಕ

ಸರ್ಕಾರಿ ಎಂಜಿನಿಯರ್ ಆಗಿದ್ದ ನನಗೆ ಕದ್ರಿಯ ಹೊಸ ಕಟ್ಟಡಗಳಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು ಕಂಡರೆ ಮಲೇರಿಯಾ ಸೊಳ್ಳೆಯ ನೆನಪಾಗುತ್ತದೆ. ಮಂಗಳೂರಿನಲ್ಲಿ 2015ರಲ್ಲಿ ಈ ಜ್ವರಕ್ಕೆ ಡಿಜಿಟಲ್ ನಿಗಾ ಬಂತು, ಒಳ್ಳೆಯದೇ. ಆದರೆ ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ಅಡಗಿ ಮರುಕಳಿಸುತ್ತದೆ. ಅದನ್ನು ಕೊಲ್ಲಲು ಪ್ರೈಮಾಕ್ವಿನ್ 14 ದಿನ ನುಂಗಬೇಕು. ಜ್ವರ ಇಳಿದೊಡನೆ ಕೂಲಿಕಾರ ಮಾತ್ರೆ ಬಿಡುತ್ತಾನೆ, ಬೇರೆ ಸೈಟಿಗೂ ಹೋಗಿಬಿಡುತ್ತಾನೆ.

ಒಂದೇ ಸಲ ನುಂಗುವ ಟಫೆನೊಕ್ವಿನ್‌ಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದಕ್ಕೆ ಮೊದಲು ಜಿ6ಪಿಡಿ ರಕ್ತಪರೀಕ್ಷೆ ಕಡ್ಡಾಯ. ಆ ಕಿಣ್ವದ ಕೊರತೆಯಿದ್ದವರ ಕೆಂಪು ರಕ್ತಕಣಗಳು ಒಡೆಯಬಹುದು. ಹೊಸ ಔಷಧಿ ಸೈಟಿನ ಶೆಡ್ಡಿಗೆ ತಲುಪುವವರೆಗೆ ಕಾಯುತ್ತ ಕೂರುವುದೇ?

ಶರಣಬಂಧುಗಳೇ, ಕಾಂಕ್ರೀಟಿಗೆ ದಿನ ಎಣಿಸಿ ನೀರುಣಿಸುತ್ತೇವೆ. ಕಾಯಕಜೀವಿಯ 14 ದಿನವನ್ನೂ ಕಟ್ಟಿಸುವವರೇ ಎಣಿಸಬೇಕು. ಸಿಮೆಂಟ್ ಚೀಲದ ಲೆಕ್ಕದ ಪುಸ್ತಕದಲ್ಲೇ ಮೇಸ್ತ್ರಿ ಮಾತ್ರೆಯ ಗುರುತನ್ನೂ ಹಾಕಲಿ.