ನಿಧಾನವಾಗಿ ಓದುವವನು ದಡ್ಡನೇ?

ಕಣ್ಣು ಮಿದುಳಿನ ಆಳು. ಮಿದುಳು ಅದರ ಒಡೆಯ. ಇದು ಶಾರೀರಶಾಸ್ತ್ರ ಬಲ್ಲವರಲ್ಲಿ ವಿವಾದವಿಲ್ಲದ ಮಾತು. ಆದರೆ ಓದಿನ ವಿಷಯ ಬಂದಾಗ ನಾವು ಇದನ್ನು ಮರೆತುಬಿಡುತ್ತೇವೆ. ತರಗತಿಯಲ್ಲಿ ಯಾರಾದರೂ ತಡವರಿಸಿ ಓದಿದರೆ ಮೊದಲು ಅವನ ಕಣ್ಣನ್ನು ದೂರುತ್ತೇವೆ, ಆಮೇಲೆ ಅವನ ಬುದ್ಧಿಯನ್ನು ದೂರುತ್ತೇವೆ. ಈ ಎರಡು ದೂರುಗಳೂ ಅನ್ಯಾಯದವೆಂಬುದು ನನ್ನ ಅಭಿಪ್ರಾಯ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ನರ ಸ್ನಾಯುಗಳ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಓದುವುದೇ ನಮ್ಮ ಕಸುಬು. ತನ್ನ ಉಳಿಯ ಗುಣವನ್ನರಿಯದ ಬಡಗಿಯನ್ನು ಯಾರು ತಾನೇ ಮೆಚ್ಚುತ್ತಾರೆ?

ಸಾಲನ್ನು ಓದುವಾಗ ನಮ್ಮ ದೃಷ್ಟಿಯು ಹದವಾದ ನೆಲದಲ್ಲಿ ನೇಗಿಲು ಹೋದಂತೆ ಒಂದೇ ಸಮನೆ ಸಾಗುತ್ತದೆಂದು ತೋರುತ್ತದೆ. ಅದು ಭ್ರಮೆ. ಕಣ್ಣು ಜಿಗಿಯುತ್ತದೆ, ನಿಲ್ಲುತ್ತದೆ, ಪುನಃ ಜಿಗಿಯುತ್ತದೆ. ಇದಕ್ಕೆ ಕಾರಣ ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ರಚನೆ. ಅದರ ನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಒಂದು ಗುಳಿಯಿದೆ. ಅತ್ಯಂತ ಸ್ಪಷ್ಟವಾದ ದೃಷ್ಟಿ ಆ ಗುಳಿಗೆ ಮಾತ್ರ ಸಲ್ಲುತ್ತದೆ. ತೋಳನ್ನು ನೀಳವಾಗಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿರಿ. ಆ ಉಗುರು ಮರೆಮಾಡುವಷ್ಟು ಜಾಗವೇ ನಮಗೆ ನಿಚ್ಚಳವಾಗಿ ಕಾಣುವ ಜಗತ್ತು. ಅದರಿಂದ ದೂರ ಸರಿದಷ್ಟೂ ನೋಟ ಮಸುಕು. ಹಾಗಾಗಿ ಕಣ್ಣು ಆ ಗುಳಿಯನ್ನು ಬೇಕಾದ ಕಡೆಗೆ ತಿರುಗಿಸುತ್ತಲೇ ಇರಬೇಕಾಗುತ್ತದೆ. ನಾವು ಎಚ್ಚರವಾಗಿರುವಾಗ ಸೆಕೆಂಡಿಗೆ ಸುಮಾರು ಮೂರು ಬಾರಿ ಹೀಗೆ ಜಿಗಿತ ನಡೆಯುತ್ತದೆ.

ಇದನ್ನು ಕಂಡುಕೊಂಡ ಬಗೆಯೂ ಸ್ವಾರಸ್ಯವಾದುದು. 1870ರ ದಶಕದ ಕೊನೆಯಲ್ಲಿ ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಜವಾಲರ ಪ್ರಯೋಗಶಾಲೆಯವರು ಓದುಗರ ಕಣ್ಣು ಬಿಟ್ಟು ಬಿಟ್ಟು ಜಿಗಿಯುವುದನ್ನು ಗುರುತಿಸಿದರು. 1879ರಲ್ಲಿ ಎವಾಲ್ಡ್ ಹೆರಿಂಗ್ ಎಂಬ ಜರ್ಮನ್ ವಿಜ್ಞಾನಿ ರೆಪ್ಪೆಯ ಮೇಲೆ ರಬ್ಬರ್ ನಳಿಗೆಯಿಟ್ಟು, ಕಣ್ಣಿನ ಸ್ನಾಯುಗಳ ಸದ್ದನ್ನು ಆಲಿಸಿ ಅದೇ ನಿರ್ಣಯಕ್ಕೆ ಬಂದರು. ತರುವಾಯ ಅಮೆರಿಕದ ಎಡ್ಮಂಡ್ ಹ್ಯೂಯಿ ಓದುಗನ ಕಣ್ಣನ್ನು ಮದ್ದಿನಿಂದ ಮರಗಟ್ಟಿಸಿ, ಅದರ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲೊಂದನ್ನು ಕೂರಿಸಿ, ಅದಕ್ಕೆ ಸನ್ನೆಕಡ್ಡಿ ಜೋಡಿಸಿ, ತಿರುಗುವ ಮಸಿ ಹಿಡಿದ ಉರುಳೆಯ ಮೇಲೆ ಚಲನೆಯ ಗೆರೆಯನ್ನು ಮೂಡಿಸಿದರು. ಓದಿನ ಮನಶ್ಶಾಸ್ತ್ರವನ್ನು ಕುರಿತು ಅವರು ಬರೆದ ಗ್ರಂಥ 1908ರಲ್ಲಿ ಹೊರಬಂದಿತು. ಈಗ ಕಣ್ಣನ್ನು ಮುಟ್ಟದೆಯೇ ಕ್ಯಾಮೆರಾ ಈ ಕೆಲಸವನ್ನು ಮಾಡುತ್ತದೆ.

ಒಂದೊಂದು ಕಣ್ಣನ್ನೂ ತಿರುಗಿಸಲು ಆರು ಸ್ನಾಯುಗಳಿವೆ. ಮಿದುಳುಕಾಂಡದಿಂದ ಹೊರಡುವ ಮೂರು ಜೊತೆ ನರಗಳು ಅವುಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತವೆ. ಎಡಬಲದ ಜಿಗಿತವನ್ನು ಮಿದುಳುಕಾಂಡದ ಒಂದು ಭಾಗವೂ, ಮೇಲುಕೆಳಗಿನ ಜಿಗಿತವನ್ನು ಅದಕ್ಕಿಂತ ಮೇಲಿನ ನಡುಮಿದುಳೂ ಸಿದ್ಧಪಡಿಸುತ್ತವೆ. ನಡುಮಿದುಳಿನ ಬೆನ್ನಿನ ಮೇಲೆ ಒಂದು ಜೊತೆ ದಿಬ್ಬಗಳಿದ್ದು, ಎದುರಿನ ನೋಟದ ನಕ್ಷೆಯಂತಿರುವ ಅವು ಯಾವ ಕಡೆಗೆ ಎಷ್ಟು ದೂರ ಜಿಗಿಯಬೇಕೆಂಬುದನ್ನು ಗೊತ್ತುಮಾಡುತ್ತವೆ. ಇವೆಲ್ಲದರ ಮೇಲೆ ಹಣೆಯ ಹಿಂದಿನ ಮಿದುಳಿನ ಭಾಗವೊಂದು ನಮ್ಮ ಉದ್ದೇಶಕ್ಕನುಗುಣವಾಗಿ ಅಧಿಕಾರ ನಡೆಸುತ್ತದೆ. ಕೋತಿಗಳ ಮಿದುಳಿನ ಆ ಭಾಗಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಕಣ್ಣು ತಿರುಗುವುದೆಂಬುದನ್ನು ಡೇವಿಡ್ ಫೆರಿಯರ್ 1870ರ ದಶಕದಲ್ಲಿಯೇ ತೋರಿಸಿದ್ದರು. ಜಿಗಿತವು ಗುರಿಗಿಂತ ಹೆಚ್ಚಾಗದಂತೆ, ಕಡಿಮೆಯಾಗದಂತೆ ದಿನದಿನವೂ ತಿದ್ದುವ ಹೊಣೆ ಹಿಂಭಾಗದ ಕಿರುಮಿದುಳಿನದು. ನರರೋಗಗಳ ವೈದ್ಯರು ರೋಗಿಯ ಮುಂದೆ ಬೆರಳನ್ನು ಆಡಿಸಿ “ಇದನ್ನೇ ನೋಡು” ಎನ್ನುವುದು ಇದೇ ಕಾರಣದಿಂದ. ಅವರು ಪರೀಕ್ಷಿಸುತ್ತಿರುವುದು ಕಣ್ಣಿನ ಮೂಲಕ ಮಿದುಳನ್ನು.

ಇಲ್ಲಿ ಒಂದು ಲೆಕ್ಕವನ್ನು ವಾಚಕರು ಗಮನಿಸಬೇಕು. ಓದುವಾಗ ಒಂದು ಜಿಗಿತಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ 20ರಿಂದ 40 ಭಾಗ ಮಾತ್ರ. ಜಿಗಿದ ಮೇಲೆ ಕಣ್ಣು ನಿಲ್ಲುವ ಕಾಲ ಸಾಮಾನ್ಯವಾಗಿ 200ರಿಂದ 250 ಭಾಗ. ಎಂದರೆ ಓದಿನ ಕಾಲದಲ್ಲಿ ಪ್ರಯಾಣಕ್ಕೆ ಸಲ್ಲುವುದು ಸುಮಾರು ಎಂಟರಲ್ಲಿ ಒಂದು ಪಾಲು. ಉಳಿದ ಏಳು ಪಾಲು ಪದವನ್ನು ಗುರುತಿಸಿ, ಅರ್ಥವನ್ನು ಕೂಡಿಸಿ, ಮುಂದಿನ ನಿಲುಗಡೆಯನ್ನು ನಿಶ್ಚಯಿಸುವುದಕ್ಕೆ ವ್ಯಯವಾಗುತ್ತದೆ. ಹೀಗಿರುವಲ್ಲಿ ಕಣ್ಣಿನ ಸ್ನಾಯುಗಳಿಗೆ ಎಷ್ಟು ವ್ಯಾಯಾಮ ಮಾಡಿಸಿದರೆ ತಾನೆ ಎಷ್ಟು ಲಾಭವಾದೀತು?

ಮಿದುಳು ಏನನ್ನು ಹುಡುಕುತ್ತದೆಯೋ ಕಣ್ಣು ಅತ್ತ ಓಡುತ್ತದೆ. ರಷ್ಯದ ಆಲ್ಫ್ರೆಡ್ ಯಾರ್ಬಸ್ ಎಂಬ ವಿಜ್ಞಾನಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ಬಹುಕಾಲದ ಮೇಲೆ ಮನೆಗೆ ಬಂದ ವ್ಯಕ್ತಿಯೊಬ್ಬನನ್ನು ಚಿತ್ರಿಸಿರುವ ಇಲ್ಯಾ ರೆಪಿನ್‌ನ ವರ್ಣಚಿತ್ರವನ್ನು ಅವರು ಒಬ್ಬನಿಗೇ ಪದೇ ಪದೇ ತೋರಿಸಿದರು. ಚಿತ್ರದಲ್ಲಿರುವವರ ವಯಸ್ಸೇನೆಂದು ಕೇಳಿದಾಗ ನೋಡುವವನ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ಆ ಕುಟುಂಬದ ಆರ್ಥಿಕ ಸ್ಥಿತಿ ಹೇಗಿದೆಯೆಂದು ಕೇಳಿದಾಗ ಉಡುಪಿನ ಮೇಲೆ, ಮನೆಯ ಸಾಮಾನಿನ ಮೇಲೆ ಅಲೆಯಿತು. ಚಿತ್ರವೂ ಒಂದೇ, ಕಣ್ಣೂ ಒಂದೇ, ಬದಲಾದದ್ದು ಪ್ರಶ್ನೆ.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ನಿದರ್ಶನ. ಬ್ಯಾಟುಗಾರರ ಕಣ್ಣಿನ ಚಲನೆಯನ್ನು ಅಳೆದು ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ 2000ದಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಬ್ಯಾಟುಗಾರನು ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲ. ಅದು ಕೈಬಿಟ್ಟ ಗಳಿಗೆಯನ್ನು ನೋಡಿ, ಅದು ನೆಲಕ್ಕೆ ಬೀಳುವ ಜಾಗಕ್ಕೆ ಮುಂಚಿತವಾಗಿಯೇ ದೃಷ್ಟಿಯನ್ನು ಕಳುಹಿಸಿ ಕಾದಿರುತ್ತಾನೆ. ಆಟದಲ್ಲಿ ನುರಿತವನ ಕಣ್ಣು ಹೆಚ್ಚು ಬೇಗ ಅಲ್ಲಿಗೆ ಜಿಗಿಯುತ್ತದೆ. ಆ ಬೇಗವನ್ನು ಕೊಟ್ಟದ್ದು ಸಾವಿರಾರು ಚೆಂಡುಗಳನ್ನು ಎದುರಿಸಿದ ಅನುಭವ.

ಅಷ್ಟು ದೂರ ಹೋಗುವುದೂ ಬೇಡ. ನನ್ನ ತಾಯಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವಾಗ ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ನನಗೆ ಬರಿಯ ಅಕ್ಕಿ ಕಾಣುವಲ್ಲಿ ಅವಳಿಗೆ ಕಲ್ಲು ಕಾಣುತ್ತದೆ. ನಾನು ಒಂದನ್ನು ಹೆಕ್ಕುವಷ್ಟರಲ್ಲಿ ಅವಳು ನಾಲ್ಕನ್ನು ಹೆಕ್ಕಿರುತ್ತಾಳೆ. ಅವಳಿಗೆ ಸಹಿ ಹಾಕಲು ಬರುವುದಿಲ್ಲ. ಬಸ್ಸಿನ ಫಲಕವನ್ನು ಪಕ್ಕದವರಿಂದ ಕೇಳಿ ತಿಳಿಯಬೇಕು. ಮೊರದ ಮುಂದೆ ಅಷ್ಟು ಚುರುಕಾದ ಕಣ್ಣು ಅಕ್ಷರದ ಮುಂದೆ ನಿಂತುಬಿಡುವುದೇಕೆ? ಕಲ್ಲಿನ ಪರಿಚಯ ಅವಳಿಗಿದೆ, ಅಕ್ಷರದ ಪರಿಚಯವನ್ನು ಯಾರೂ ಮಾಡಿಕೊಡಲಿಲ್ಲ, ವ್ಯತ್ಯಾಸ ಇಷ್ಟೇ.

ಈಗ ಓದಿನ ವೇಗದ ಮಾತಿಗೆ ಬರೋಣ. ಹೋದ ವರ್ಷ ನಮ್ಮೂರಿನಲ್ಲಿ “ಶೀಘ್ರ ಓದಿನ ಶಿಬಿರ”ವೊಂದು ನಡೆಯಿತು. ಕಣ್ಣನ್ನು ಪಳಗಿಸಿದರೆ ನಿಮಿಷಕ್ಕೆ ಸಾವಿರಾರು ಪದಗಳನ್ನು ಓದಬಹುದೆಂದೂ, ಓದಿದ ಪದಕ್ಕೆ ಕಣ್ಣು ಹಿಂತಿರುಗುವುದು ದುರಭ್ಯಾಸವೆಂದೂ ಅಲ್ಲಿ ಬೋಧಿಸಿದರು. ನಮ್ಮ ವಿದ್ಯಾರ್ಥಿನಿಲಯದ ಮಿತ್ರನೊಬ್ಬ ವಿದ್ಯಾರ್ಥಿವೇತನದ ಹಣದಲ್ಲಿ ಶುಲ್ಕ ಕಟ್ಟಿ ಸೇರಿದ. ಶಿಬಿರ ಮುಗಿದಾಗ ಅವನ ಬೆರಳು ಪುಟದ ಮೇಲೆ ಬಲು ವೇಗವಾಗಿ ಓಡುತ್ತಿತ್ತು. ಆದರೆ ಪುಟದಲ್ಲೇನಿದೆಯೆಂದು ಕೇಳಿದರೆ ಹೇಳಲಾರದವನಾಗಿದ್ದ. ಅದಕ್ಕಿಂತ ದುಃಖದ ಸಂಗತಿಯೆಂದರೆ, ದೋಷ ತನ್ನ ತಲೆಯಲ್ಲಿಯೇ ಇದೆಯೆಂದು ಅವನು ನಂಬಿಬಿಟ್ಟದ್ದು.

ಇಂಥ ಆಸೆ ಹೊಸದೇನಲ್ಲ. ಅಮೆರಿಕದಲ್ಲಿ ಎವಲಿನ್ ವುಡ್ ಎಂಬಾಕೆ 1959ರಲ್ಲಿಯೇ ಶೀಘ್ರ ಓದಿನ ತರಗತಿಗಳನ್ನು ಆರಂಭಿಸಿ ಬಹಳ ಹೆಸರು ಮಾಡಿದ್ದರು. ಆದರೆ ಕೀತ್ ರೇನರ್ ಮತ್ತು ಅವರ ಸಹೋದ್ಯೋಗಿಗಳು ಅದುವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ 2016ರಲ್ಲಿ ಪ್ರಕಟಿಸಿದ ವಿಮರ್ಶೆಯ ಸಾರ ಬೇರೆಯೇ ಆಗಿದೆ. ವಿದ್ಯಾವಂತರು ಅರ್ಥಮಾಡಿಕೊಂಡು ಇಂಗ್ಲಿಷನ್ನು ಓದುವ ವೇಗ ನಿಮಿಷಕ್ಕೆ ಸುಮಾರು 200ರಿಂದ 400 ಪದಗಳು. ಅದನ್ನು ಎರಡು ಮೂರು ಪಟ್ಟು ಏರಿಸಿದರೆ ಅರ್ಥಗ್ರಹಣ ಕುಂದುತ್ತದೆ. ವೇಗವನ್ನು ನಿಜವಾಗಿ ಹೆಚ್ಚಿಸುವುದು ಭಾಷೆಯ ಮೇಲಿನ ಹಿಡಿತ.

ಹಿಂತಿರುಗಿ ನೋಡುವುದು ದುರಭ್ಯಾಸವೆಂಬ ಮಾತೂ ನಿಲ್ಲುವುದಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಓದಬಲ್ಲವರ ಜಿಗಿತಗಳಲ್ಲಿಯೂ ನೂರಕ್ಕೆ 10ರಿಂದ 15 ಹಿಮ್ಮುಖವಾಗಿರುತ್ತವೆ. ಓದಿ ಮುಗಿಸಿದ ಪದಗಳನ್ನು ಒಡನೆಯೇ ಮರೆಮಾಡಿ, ಹಿಂತಿರುಗಿದರೂ ಏನೂ ಕಾಣದಂತೆ ಮಾಡಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಆಗ ಓದುಗರ ಅರ್ಥಗ್ರಹಣವೇ ಕೆಟ್ಟಿತು. ಸಂದೇಹ ಬಂದಾಗ ಹಿಂದಿನ ಪದವನ್ನು ಮತ್ತೆ ನೋಡುವವನು ವಿಚಾರವಂತ.

ಇನ್ನೊಂದು ಸಂಗತಿಯನ್ನು ನಮ್ಮ ಅಧ್ಯಾಪಕರ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ. ಇಂಗ್ಲಿಷನ್ನು ಓದುವವರು ಕಣ್ಣು ನಿಂತ ಜಾಗದ ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳವರೆಗಿನ ಸುಳಿವನ್ನು ಹಿಡಿಯಬಲ್ಲರು. ಎಡಕ್ಕೆ ಮೂರು ನಾಲ್ಕು ಅಕ್ಷರ ಮಾತ್ರ. ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ ಭಾಷೆಯನ್ನೂ ಇಂಗ್ಲಿಷನ್ನೂ ಬಲ್ಲ ಇಸ್ರೇಲಿನ ಓದುಗರನ್ನು 1981ರಲ್ಲಿ ಪರೀಕ್ಷಿಸಿದಾಗ, ಅದೇ ಜನ ಹೀಬ್ರೂವನ್ನೋದುವಾಗ ಈ ಹರವು ಎಡಕ್ಕೆ ತಿರುಗಿತ್ತು. ಇದು ಕಣ್ಣಿನ ಗಡಿಯಾಗಿದ್ದರೆ ಪುಸ್ತಕ ಬದಲಾಯಿಸಿದೊಡನೆ ಬದಲಾಗುತ್ತಿತ್ತೇ? ಅಲ್ಲದೆ, ನಾಲ್ಕನೆಯ ತರಗತಿಯ ಮಕ್ಕಳಿಗೆ ಅವರ ಮಟ್ಟಕ್ಕೆ ಮೀರಿದ ಪಠ್ಯವನ್ನು ಕೊಟ್ಟರೆ ಅವರ ಈ ಹರವೇ ಕಿರಿದಾಗುತ್ತದೆಂದು ರೇನರ್ 1986ರಲ್ಲಿ ತೋರಿಸಿದರು. ಎಂದರೆ ಕಠಿಣವಾದ ಪುಟದ ಮುಂದೆ ಒಳ್ಳೆಯ ಓದುಗನೂ ಮಂದನಂತೆ ಕಾಣುತ್ತಾನೆ.

ನಮ್ಮಲ್ಲಿ ಅನೇಕರ ಸ್ಥಿತಿ ಇದೇ ಅಲ್ಲವೇ? ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಬಂದವರಿಗೆ ಇಲ್ಲಿ ಉಲ್ಲೇಖಗ್ರಂಥಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ದೊರೆಯುತ್ತವೆ. ಕನ್ನಡದ ಓದೂ ಸುಲಭವಾಗಿ ಬಂದುದಲ್ಲ. ಒತ್ತು, ಗುಣಿತ, ಸಂಯುಕ್ತಾಕ್ಷರಗಳಿಂದ ಕೂಡಿದ ನಮ್ಮ ಅಕ್ಷರಮಾಲೆಯನ್ನು ವಶಪಡಿಸಿಕೊಳ್ಳಲು ಮಕ್ಕಳಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಬೇಕಾಗುತ್ತವೆಂಬುದನ್ನು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ತೋರಿಸುತ್ತದೆ. ಮನೆಯಲ್ಲಿ ಪತ್ರಿಕೆ ಪುಸ್ತಕಗಳಿದ್ದವರು ಆ ವರ್ಷಗಳಲ್ಲಿ ಲಕ್ಷಾಂತರ ಪದಗಳನ್ನು ಕಂಡಿರುತ್ತಾರೆ. ಪಠ್ಯಪುಸ್ತಕವನ್ನು ಬಿಟ್ಟರೆ ದಿನಸಿಯ ಪೊಟ್ಟಣದ ಕಾಗದವನ್ನೇ ಓದಿ ಬೆಳೆದವರು ಅಷ್ಟನ್ನು ಕಂಡಿರುವುದಿಲ್ಲ. ಇಬ್ಬರನ್ನೂ ಒಂದೇ ಗಡಿಯಾರದ ಮುಂದೆ ನಿಲ್ಲಿಸಿ, ಹಿಂದುಳಿದವನನ್ನು ದಡ್ಡನೆನ್ನುವುದು ಯಾವ ನ್ಯಾಯ?

ಪರೀಕ್ಷೆಗೆ ಮೂರು ಗಂಟೆಯಷ್ಟೇ ಅವಕಾಶ, ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಂತೂ ವೇಗವೇ ಪ್ರಧಾನ, ಲೋಕ ಯಾರಿಗಾಗಿಯೂ ಕಾಯುವುದಿಲ್ಲ ಎಂದು ಕೆಲವರು ವಾದಿಸಬಹುದು. ಈ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ವೇಗ ಬೇಕು. ಅದು ಬರುವ ದಾರಿ ಯಾವುದೆಂಬುದೇ ಪ್ರಶ್ನೆ. ಪರಿಚಿತ ಪದದ ಮೇಲೆ ಕಣ್ಣು ಕಡಿಮೆ ಹೊತ್ತು ನಿಲ್ಲುತ್ತದೆ. ಅಪರೂಪದ ಪದದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ಪದಗಳ ಪರಿಚಯ ಬೆಳೆದಂತೆ ವೇಗ ತಾನಾಗಿ ಬರುತ್ತದೆ. ಕಣ್ಣಿನಲ್ಲಿ ನಿಜವಾಗಿ ದೋಷವಿದ್ದರೆ ವೈದ್ಯರಲ್ಲಿಗೆ ಹೋಗಿ ಕನ್ನಡಕ ಹಾಕಿಸಿಕೊಳ್ಳಬೇಕು. ಅದು ಬೇರೆ ಮಾತು. ಆದರೆ ಅಕ್ಷರಗಳನ್ನು ಗುರುತಿಸುವುದರಲ್ಲಿಯೇ ತೊಡಕಿರುವ ಮಕ್ಕಳಿಗೆ ಕಣ್ಣಿನ ವ್ಯಾಯಾಮದಿಂದ ಓದು ಸುಧಾರಿಸುವುದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರವೈದ್ಯರ ಸಂಘಗಳು 2009ರಲ್ಲಿಯೇ ಸ್ಪಷ್ಟಪಡಿಸಿವೆ.

ಆದುದರಿಂದ ನನ್ನ ಬಿನ್ನಹಗಳು ಮೂರು. ಮೊದಲ ವರ್ಷದ ತರಗತಿಗಳಲ್ಲಿ ಪ್ರತಿ ವಿಷಯದ ಅಧ್ಯಾಪಕರು ವಾರಕ್ಕೊಂದು ಸಲವಾದರೂ ಹತ್ತು ನಿಮಿಷ ಗ್ರಂಥದ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಹೊಸ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಲಿ. ಎರಡನೆಯದಾಗಿ, ಊರಿಗೆ ಹೋಗುವ ಸಂಜೆಯ ಬಸ್ಸಿಗಾಗಿ ಕಾಯುವ ವಿದ್ಯಾರ್ಥಿಗಳಿಗೆ ಗ್ರಂಥಭಂಡಾರದ ಬಾಗಿಲು ಆ ಹೊತ್ತಿನವರೆಗೆ ತೆರೆದಿರಲಿ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ವ್ಯರ್ಥವಾಗುವ ಆ ಎರಡು ಗಂಟೆ ವರ್ಷಕ್ಕೆ ಎಷ್ಟಾಗುವುದೆಂದು ಲೆಕ್ಕ ಹಾಕಿರಿ. ಮೂರನೆಯದು ಮಿತ್ರರಲ್ಲಿ: ಸಹಪಾಠಿಯೊಬ್ಬ ಎದ್ದು ನಿಂತು ತಡೆತಡೆದು ಓದುವಾಗ ಹಿಂದಿನ ಬೆಂಚಿನಿಂದ ನಗೆ ಕೇಳಿಬರದಿರಲಿ. ಆ ನಗೆಗೆ ಹೆದರಿ ಓದನ್ನೇ ಬಿಟ್ಟವರನ್ನು ನಾನು ಬಲ್ಲೆ.

ಮೊದಲ ಎರಡು ಕೆಲಸಗಳಿಗೆ ಹತ್ತು ನಿಮಿಷಗಳ ತಾಳ್ಮೆಯೂ ಒಂದು ಬೀಗದ ಕೈಯೂ ಸಾಕು. ಮೂರನೆಯದಕ್ಕೆ ಅಷ್ಟೂ ಬೇಡ. ಮುಂದಿನ ಜೂನ್ ವೇಳೆಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಹೊಸದಾಗಿ ಬರುವ ತಮ್ಮಂದಿರಿಗೂ ತಂಗಿಯರಿಗೂ ಒಂದು ಮಾತು ಹೇಳಿ ವಿರಮಿಸುತ್ತೇನೆ. ಅರ್ಥವಾಗದ ಸಾಲಿಗೆ ನಿಮ್ಮ ಕಣ್ಣು ಹಿಂತಿರುಗಿದರೆ ನಾಚಬೇಡಿ. ಅದನ್ನು ಹಿಂದಕ್ಕೆ ಕಳುಹಿಸಿದವನು ನಿಮ್ಮೊಳಗಿನ ವಿಚಾರವಂತ. ಅವನು ಹೇಳಿದಂತೆ ಕೇಳಿರಿ, ಇನ್ನೊಮ್ಮೆ ಓದಿರಿ.