ತಂತ್ರಾಂಶಕ್ಕೆ ತೇಪೆ ಹಾಕಿದ ಮೇಲೆ

ಹರಿದ ಅಂಗಿಗೆ ತೇಪೆ ಹಾಕಿದರೆ ಕೆಲಸ ಮುಗಿಯಿತು. ತಂತ್ರಾಂಶಕ್ಕೆ ಹಾಕಿದರೆ ಕೆಲಸ ಅಲ್ಲಿಂದ ಶುರು. ಲಿನಕ್ಸ್‌ನಲ್ಲಿ ತಂತ್ರಾಂಶದ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಬೇಡದ ಸಾಲು ತೆಗೆದು, ಬೇಕಾದ್ದು ಸೇರಿಸಿ, ತನ್ನದೇ ಪ್ಯಾಕೇಜ್ ಕಟ್ಟಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಆದರೆ ಎಚ್ಚರವೂ ಬೇಕು.

ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ 2006ರಲ್ಲಿ ನಡೆದದ್ದನ್ನು ನೋಡಿ. ಜಾಲದಲ್ಲಿ ಗುಟ್ಟು ಕಾಯುವ ಕೀಲಿಗಳನ್ನು ತಯಾರಿಸುವ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶದ ಎರಡು ಸಾಲುಗಳ ಬಗ್ಗೆ ದೋಷ ಹುಡುಕುವ ಉಪಕರಣ ತಕರಾರು ತೆಗೆಯಿತು. ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಮೂಲ ತಯಾರಕರ ಬಳಗದಲ್ಲಿ ವಿಚಾರಿಸಿಯೇ ಅವನ್ನು ತೆಗೆದರು. ತಕರಾರು ನಿಂತಿತು. ಜೊತೆಗೆ ಕೀಲಿಯನ್ನು ಊಹಿಸಲಾಗದು ಎಂಬ ಭರವಸೆಯೂ ಹೋಯಿತು! ಎಣಿಕೆಗೆ ಸಿಗದಷ್ಟು ಸಾಧ್ಯತೆಗಳಿಂದ ಹುಟ್ಟಬೇಕಾದ ಕೀಲಿಗೆ, ಓಡುತ್ತಿರುವ ಪ್ರೋಗ್ರಾಮಿಗೆ ಯಂತ್ರ ಕೊಡುವ ಕ್ರಮಸಂಖ್ಯೆಯೊಂದೇ ಆಧಾರವಾಯಿತು. ಆ ಸಂಖ್ಯೆಗೆ ಸಾಮಾನ್ಯವಾಗಿ ಇದ್ದ ಮಿತಿ 32,768. ಅಷ್ಟನ್ನು ಒಂದೊಂದಾಗಿ ಹಾಕಿ ನೋಡುವುದು ಕಂಪ್ಯೂಟರಿಗೆ ಮಕ್ಕಳಾಟ.

ತೇಪೆ ಮೂಲಪ್ರತಿಗೆ ಸೇರದೆ ಡೆಬಿಯನ್ ಪ್ರತಿಯಲ್ಲೇ ಉಳಿಯಿತು. ಅಲ್ಲಿಂದ, ಅದನ್ನೇ ಆಧರಿಸಿದ ಉಬುಂಟುಗೂ ಹೋಯಿತು. ಲುಸಿಯಾನೊ ಬೆಲ್ಲೊ ಪತ್ತೆ ಹಚ್ಚಿದ ಈ ದೋಷ ಲೋಕಕ್ಕೆ ತಿಳಿದದ್ದು 2008ರ ಮೇ ತಿಂಗಳಲ್ಲಿ. ಸರಿಪಡಿಸಿದ ಪ್ರತಿ ಹಾಕಿಕೊಂಡರೆ ಸಾಲದು. ಆ ಅವಧಿಯಲ್ಲಿ ತಯಾರಾದ ಕೀಲಿಗಳನ್ನೂ ಎಸೆದು ಹೊಸದು ಮಾಡಬೇಕಾಯಿತು.

ಮನೆಯ ಕಂಪ್ಯೂಟರಿನ ಪುಟ್ಟ ತೇಪೆಯಿಂದ ಇಷ್ಟೆಲ್ಲ ರಾದ್ಧಾಂತವಾಗದು, ನಿಜ. ಅಲ್ಲಿನ ತೊಡಕು ಬೇರೆ. ಹೊಸ ಆವೃತ್ತಿ ಬಂದ ದಿನ ವಿದ್ಯಾರ್ಥಿಯ ತೇಪೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಇದನ್ನು ತಡೆಯಲು ಪ್ಯಾಕೇಜನ್ನು ‘ಹೋಲ್ಡ್’ನಲ್ಲಿ ಇಡುವುದುಂಟು. ಆಗ ತೇಪೆಯೇನೋ ಉಳಿಯುತ್ತದೆ, ಆದರೆ ಭದ್ರತೆಯ ತಿದ್ದುಪಡಿಗಳೂ ಬಾಗಿಲಲ್ಲೇ ನಿಲ್ಲುತ್ತವೆ. ಹೋಲ್ಡ್ ಹಾಕಿ ಮರೆಯುವವರೇ ಹೆಚ್ಚು.

ಬಲ್ಲವರು ಬದಲಾವಣೆಯನ್ನು ಮೂಲದಲ್ಲಿ ಬೆರೆಸಿಬಿಡದೆ ಪ್ರತ್ಯೇಕ ಕಡತವಾಗಿ ಇಡುತ್ತಾರೆ. ಏಕೆ ಮಾಡಿದ್ದು ಎಂದು ಅದರ ತಲೆಯಲ್ಲೇ ಎರಡು ಸಾಲು ಬರೆಯುತ್ತಾರೆ. ಆವೃತ್ತಿ ಸಂಖ್ಯೆಯ ಬಾಲಕ್ಕೆ ತಮ್ಮದೊಂದು ಗುರುತು ಹಚ್ಚುತ್ತಾರೆ. ಹೊಸ ಆವೃತ್ತಿ ಬಂದಾಗ ಆ ಕಡತವನ್ನು ಅದಕ್ಕೆ ಹೊಂದಿಸಿ ಮತ್ತೆ ಕಟ್ಟುವುದು ಅರ್ಧ ಗಂಟೆಯ ಕೆಲಸವಾಗಬಹುದು, ಪರೀಕ್ಷೆಯ ಹಿಂದಿನ ರಾತ್ರಿಯನ್ನು ಪೂರ್ತಿ ನುಂಗಲೂಬಹುದು. ತೇಪೆ ಹತ್ತು ಜನಕ್ಕೆ ಉಪಯೋಗವಾಗುವಂಥದ್ದಾದರೆ ಮೂಲ ತಯಾರಕರಿಗೇ ಕಳಿಸುವುದು ಲೇಸು. ಅವರು ಪರಿಶೀಲಿಸಿ ಸೇರಿಸಿಕೊಂಡ ದಿನ ಮನೆಯ ಪ್ರತಿಯನ್ನು ನಿಶ್ಚಿಂತೆಯಿಂದ ಅಳಿಸಿಹಾಕಬಹುದು.